ಅಧ್ಯಕ್ಷರನ್ನು ನೇರವಾಗಿ ಕೇಳಿದೆ. ಉತ್ತರ ಬರಲಿಲ್ಲ, ಹುದ್ದೆ ಬಂತು

ಹಳೆಯ ಜೊತೆಗಾರ (ಚರ್ಚೆ ಆರಂಭಿಸಿದವರು)

ನಾನು ಒಂದು ಸೇವಾ ಸಂಘಟನೆಯಲ್ಲಿ ಒಂಬತ್ತು ವರ್ಷಗಳಿಂದ ದುಡಿಯುತ್ತಿದ್ದೇನೆ. ಸಂಘಟನೆಯ ಹೆಸರನ್ನಾಗಲಿ ಅಧ್ಯಕ್ಷರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಯಾರೂ ಊಹಿಸಲು ಹೋಗಬೇಡಿ. ಅಧ್ಯಕ್ಷರ ಮಾತು ಕೇಳಿಯೇ ಈ ಕೆಲಸಕ್ಕೆ ಬಂದವನು ನಾನು. ಅವರನ್ನು ಟೀಕಿಸಿದ ಸ್ನೇಹಿತರೊಡನೆ ಮಾತು ಬಿಟ್ಟವನೂ ನಾನೇ.

ಕಳೆದ ವರ್ಷದ ಲೆಕ್ಕ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ದೇಣಿಗೆಯ ರಸೀದಿ ಪುಸ್ತಕಗಳ ಪೈಕಿ 1401ರಿಂದ 1500ರವರೆಗಿನ ಪುಸ್ತಕ ಸಿಗಲಿಲ್ಲ. ಅದು ನೀರಿನಲ್ಲಿ ನೆನೆದು ಹಾಳಾಯಿತೆಂದೂ, ಅದರಿಂದ ಒಂದು ರಸೀದಿಯನ್ನೂ ಯಾರಿಗೂ ಹರಿದುಕೊಟ್ಟಿರಲಿಲ್ಲವೆಂದೂ ಅಧ್ಯಕ್ಷರು ಹೇಳಿದರು. ನಾನು ಹಾಗೆಯೇ ಬರೆದುಕೊಂಡೆ. ಎರಡು ತಿಂಗಳ ಬಳಿಕ ದಾನಿಯೊಬ್ಬರು ಬೇರಾವುದೋ ವಿಚಾರಕ್ಕಾಗಿ ತಮ್ಮಲ್ಲಿದ್ದ ರಸೀದಿಯ ಚಿತ್ರವನ್ನು ನನಗೆ ಕಳುಹಿಸಿದರು. ಅದರ ಸಂಖ್ಯೆ 1437. ಸಹಿ ಅಧ್ಯಕ್ಷರದ್ದೇ. ಆ ಮೊತ್ತ ನಮ್ಮ ನಗದು ಪುಸ್ತಕದಲ್ಲಿಯೂ ಇಲ್ಲ, ಬ್ಯಾಂಕಿನ ಖಾತೆಯಲ್ಲಿಯೂ ಇಲ್ಲ.

ಹತ್ತು ದಿನ ಸುಮ್ಮನಿದ್ದೆ. ಆಮೇಲೆ ಅವರೊಬ್ಬರೇ ಇದ್ದಾಗ ಹೋಗಿ ಕೇಳಿದೆ. ಅವರು ರೇಗಲಿಲ್ಲ. ಮೊದಲು ಕೇಳಿದ್ದು, "ಇದನ್ನು ನಿಮಗೆ ಕೊಟ್ಟವರು ಯಾರು?" ಎಂದು. ನಂತರ ನನ್ನ ತಂದೆಯ ಕಾಯಿಲೆಯ ದಿನಗಳಲ್ಲಿ ಸಂಘಟನೆ ನನ್ನ ಬೆನ್ನಿಗೆ ಹೇಗೆ ನಿಂತಿತ್ತು ಎಂಬುದನ್ನು ಬಹಳ ಮೃದುವಾಗಿ ನೆನಪಿಸಿದರು. ಹೊರಡುವ ಹೊತ್ತಿಗೆ ಹೆಗಲ ಮೇಲೆ ಕೈಯಿಟ್ಟು, "ನಿಮ್ಮಂಥ ಚುರುಕು ಕಣ್ಣಿನವರೇ ಖಜಾಂಚಿಯಾಗಬೇಕು, ಮುಂದಿನ ಸಭೆಯಲ್ಲಿ ನಿಮ್ಮ ಹೆಸರು ಹೇಳುತ್ತೇನೆ" ಎಂದರು. ಮನೆಗೆ ಬಂದ ಮೇಲೆಯೇ ನನಗೆ ಹೊಳೆದದ್ದು, 1437ರ ಬಗ್ಗೆ ಅವರು ಒಂದು ಮಾತನ್ನೂ ಆಡಿರಲಿಲ್ಲ ಎಂದು.

ನಾನು ತಪ್ಪು ತಿಳಿದಿದ್ದೇನೆಯೇ, ಅಥವಾ ಆ ಮೌನವೇ ಉತ್ತರವೇ?

ಇರುವೆ ಸಾಲು

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಿಮ್ಮ ಅಧ್ಯಕ್ಷರು ಒಂದು ಹೆಜ್ಜೆ ಮುಂದೆ ಹೋಗಿ ನಿಮ್ಮ ಹೆಗಲನ್ನೇ ಮುಟ್ಟಿದ್ದಾರೆ.

ನಿಷ್ಠುರವಾದಿ

ಗಾದೆಯಿಂದ ತೀರ್ಪು ಕೊಡುವುದು ಸುಲಭ. ಇಪ್ಪತ್ತು ವರ್ಷ ಒಂದು ಸಂಸ್ಥೆಯನ್ನು ಕಟ್ಟಿದ ಮನುಷ್ಯನ ಮುಂದೆ ಆತನ ಮೆಚ್ಚಿನ ಕಿರಿಯ ಸಹೋದ್ಯೋಗಿ ಬಂದು ಒಂದು ಚೀಟಿ ಹಿಡಿದು ನಿಂತರೆ, ಆತ ನಿರಪರಾಧಿಯಾಗಿದ್ದರೂ ಮೊದಲು ನೋಯುತ್ತಾನೆ, ಆಮೇಲೆ ಯೋಚಿಸುತ್ತಾನೆ. "ಕೊಟ್ಟವರು ಯಾರು" ಎಂಬ ಪ್ರಶ್ನೆಯನ್ನು ನಾನೂ ಕೇಳುತ್ತಿದ್ದೆ, ಏಕೆಂದರೆ ಒಡಕು ತರಲು ಹೊರಟವರು ಎಲ್ಲ ಸಂಸ್ಥೆಗಳಲ್ಲೂ ಇರುತ್ತಾರೆ. ಕಳ್ಳನೆಂದು ಕರೆಸಿಕೊಂಡ ಸಭ್ಯನೂ ಹೆಗಲು ಮುಟ್ಟಿಕೊಳ್ಳುತ್ತಾನೆ ಎಂಬುದನ್ನು ಆ ಗಾದೆ ಹೇಳುವುದಿಲ್ಲ.

ತಕ್ಕಡಿ

ನಿಷ್ಠುರವಾದಿಯವರೇ, ನೋವಿನ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನೊಂದ ಮೇಲಾದರೂ ಆ ಮನುಷ್ಯ ರಸೀದಿಯ ಕಡೆಗೆ ತಿರುಗಬೇಕಲ್ಲವೇ? ಇಲ್ಲಿ ಪ್ರಶ್ನೆ ಒಂದು ಕಾಗದದ ಬಗ್ಗೆ ಇತ್ತು. ಅಧ್ಯಕ್ಷರು ಕಾಗದವನ್ನು ಬಿಟ್ಟು ಕಾಗದ ತಂದವನನ್ನು ವಿಚಾರಿಸಿಕೊಂಡರು: ಮೊದಲು ಆತನ ಹಿಂದೆ ಯಾರಿದ್ದಾರೆಂದು ತಿಳಿಯಲು ನೋಡಿದರು, ಬಳಿಕ ಆತನ ಋಣವನ್ನು ನೆನಪಿಸಿದರು, ಕೊನೆಗೆ ಆತನ ಬೆಲೆ ಎಷ್ಟೆಂದು ಅಳೆದರು. ಈ ಮೂರರಲ್ಲಿ ಯಾವುದಕ್ಕೂ 1437ರ ಜೊತೆ ಸಂಬಂಧವಿಲ್ಲ.

ಅಮೆರಿಕದ ಇಂಧನ ಕಂಪನಿ ಎನ್ರಾನ್ ಪ್ರಕರಣ ನೆನಪಾಗುತ್ತದೆ. ಕಂಪನಿಯ ಉಪಾಧ್ಯಕ್ಷೆಯರಲ್ಲಿ ಒಬ್ಬರಾದ ಶೆರನ್ ವಾಟ್ಕಿನ್ಸ್ ಅವರು 2001ರ ಆಗಸ್ಟ್ ತಿಂಗಳಲ್ಲಿ ಮುಖ್ಯಸ್ಥ ಕೆನ್ನೆತ್ ಲೇ ಅವರಿಗೆ ಪತ್ರ ಬರೆದು, ಲೆಕ್ಕಪತ್ರದ ಹಗರಣಗಳಲ್ಲಿ ಕಂಪನಿಯೇ ಕುಸಿದುಬೀಳಬಹುದೆಂದು ಎಚ್ಚರಿಸಿದರು, ಬಳಿಕ ಮುಖತಃ ಭೇಟಿಯಾದರು. ಅವರನ್ನು ಸೌಜನ್ಯದಿಂದಲೇ ಕೇಳಿಸಿಕೊಳ್ಳಲಾಯಿತು. ಆದರೆ ಭೇಟಿಯಾದ ಎರಡು ದಿನಗಳಲ್ಲೇ, ಇಂಥ ದೂರು ಕೊಟ್ಟವರನ್ನು ಕೆಲಸದಿಂದ ತೆಗೆದರೆ ಕಾನೂನಿನ ತೊಡಕು ಬರುತ್ತದೆಯೇ ಎಂಬ ಬಗ್ಗೆ ಕಂಪನಿಗೆ ವಕೀಲರ ಸಲಹೆ ಬಂದಿತ್ತು. ಮೇಲೆ ಸೌಜನ್ಯ, ಒಳಗೆ ಕಡತ. ಅದೇ ವರ್ಷ ಡಿಸೆಂಬರ್ 2ರಂದು ಕಂಪನಿ ದಿವಾಳಿಯ ಅರ್ಜಿ ಹಾಕಿತು.

ಓದುಗ 27

ಒಂದು ತಿದ್ದುಪಡಿ. ವಾಟ್ಕಿನ್ಸ್ ಅವರ ಮೊದಲ ಪತ್ರಕ್ಕೆ ಹೆಸರಿರಲಿಲ್ಲ. ಅದನ್ನು ಬರೆದವರು ತಾವೇ ಎಂದು ಅವರು ಆಮೇಲೆ ಹೇಳಿಕೊಂಡರು. ಇನ್ನೊಂದು ವಿಷಯವನ್ನು ತಕ್ಕಡಿಯವರು ಬಿಟ್ಟಿದ್ದಾರೆ. ಲೇ ಅವರು ಆ ದೂರಿನ ಪರಿಶೀಲನೆಯನ್ನು ಒಪ್ಪಿಸಿದ್ದು, ಪ್ರಶ್ನೆಗೆ ಒಳಗಾಗಿದ್ದ ಕೆಲವು ವ್ಯವಹಾರಗಳಿಗೆ ಹಿಂದೆ ತಾನೇ ಕೆಲಸ ಮಾಡಿಕೊಟ್ಟಿದ್ದ ವಕೀಲರ ಸಂಸ್ಥೆಗೆ! ಆ ಸಂಸ್ಥೆ ಹೆಚ್ಚಿನ ತನಿಖೆ ಬೇಕಿಲ್ಲವೆಂದು ವರದಿ ಕೊಟ್ಟಿತು. ಆದ್ದರಿಂದ ಹಳೆಯ ಜೊತೆಗಾರರೇ, ನಿಮ್ಮ ಅಧ್ಯಕ್ಷರು ನಾಳೆ "ಒಂದು ಸಮಿತಿ ಮಾಡೋಣ" ಎಂದರೆ ಸಮಾಧಾನಪಡುವ ಮೊದಲು ಅದರಲ್ಲಿ ಯಾರು ಯಾರು ಕುಳಿತಿರುತ್ತಾರೆಂದು ನೋಡಿಕೊಳ್ಳಿ.

ಗಮಕಪ್ರಿಯ

ನಾಯಕ ತಾನೇ ಉತ್ತರಿಸುವುದಿಲ್ಲ, ಬೇರೆಯವರಿಂದ ಉತ್ತರ ಕೊಡಿಸುತ್ತಾನೆ. ದ್ಯೂತಸಭೆಯಲ್ಲಿ ಆದದ್ದೂ ಇದೇ. ದ್ರೌಪದಿಯ ಪ್ರಶ್ನೆಗೆ ಹಿರಿಯರೆಲ್ಲ ತಲೆ ತಗ್ಗಿಸಿ ಕುಳಿತಿದ್ದಾಗ ಎದ್ದು ನಿಂತವನು ಕೌರವರಲ್ಲೇ ಒಬ್ಬನಾದ ವಿಕರ್ಣ. ಅವನನ್ನು ಗದರಿಸಿದ್ದು ದುರ್ಯೋಧನನಲ್ಲ, ಕರ್ಣ. ಅದೂ ವಿಕರ್ಣ ಎತ್ತಿದ ಧರ್ಮಸೂಕ್ಷ್ಮಕ್ಕಿಂತ ಹೆಚ್ಚಾಗಿ ಅವನ ಎಳೆಯ ವಯಸ್ಸನ್ನು ಹಿಡಿದು. ಸಂಘಟನೆಯಲ್ಲಿ ನಿಮ್ಮ ಕರ್ಣ ಯಾರು ಎಂಬುದನ್ನು ಈಗಲೇ ಗುರುತಿಸಿಕೊಳ್ಳಿ, ಹಳೆಯ ಜೊತೆಗಾರರೇ. ಆತ ಕೆಟ್ಟವನಾಗಿರಬೇಕಿಲ್ಲ. ಬಹುಶಃ ನಿಮಗೆ ತುಂಬ ಬೇಕಾದವನೇ ಆಗಿರುತ್ತಾನೆ.

ಸಂಶಯಾತ್ಮ

ಗಮಕಪ್ರಿಯರು ಹೇಳಿದ್ದಕ್ಕೆ ಈ ಕಾಲದ ಸಾಕ್ಷಿಯೊಂದಿದೆ. ರಕ್ತಪರೀಕ್ಷೆಯ ಯಂತ್ರದ ಹೆಸರಿನಲ್ಲಿ ಬೆಳೆದ ಥೆರನೋಸ್ ಕಂಪನಿಯಲ್ಲಿ ಟೈಲರ್ ಶುಲ್ಟ್ಸ್ ಎಂಬ ತರುಣ ನೌಕರ, ಪರೀಕ್ಷೆಯ ಫಲಿತಾಂಶಗಳು ನಂಬುವಂತಿಲ್ಲವೆಂದು 2014ರಲ್ಲಿ ಸ್ಥಾಪಕಿ ಎಲಿಜಬೆತ್ ಹೋಮ್ಸ್ ಅವರಿಗೇ ಇಮೇಲ್ ಬರೆದ. ಉತ್ತರ ಬಂದದ್ದು ಆಕೆಯ ಬಲಗೈಯಾಗಿದ್ದ ಸನ್ನಿ ಬಲ್ವಾನಿ ಅವರಿಂದ, ಅದೂ ಹುಡುಗನ ತಿಳಿವಳಿಕೆಯನ್ನೇ ಹೀಯಾಳಿಸುವ ಧಾಟಿಯಲ್ಲಿ. ಟೈಲರ್‌ನ ಅಜ್ಜ ಆ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿದ್ದರು, ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದವರು. ಅಂಥವರೂ ಬಹಳ ಕಾಲ ಮೊಮ್ಮಗನನ್ನು ನಂಬದೆ ಆಕೆಯನ್ನೇ ನಂಬಿದರು. ವಕೀಲರ ವೆಚ್ಚಕ್ಕೆ ಆ ಕುಟುಂಬ ನಾಲ್ಕು ಲಕ್ಷ ಡಾಲರ್‌ಗೂ ಹೆಚ್ಚು ಹಣ ತೆತ್ತಿತು. ಹೋಮ್ಸ್ ಅಪರಾಧಿಯೆಂದು ತೀರ್ಪು ಬಂದದ್ದು 2022ರ ಜನವರಿಯಲ್ಲಿ. ಅಂದರೆ ಪ್ರಶ್ನೆ ಕೇಳಿದವನು ಸುಮಾರು ಎಂಟು ವರ್ಷ ಕಾಯಬೇಕಾಯಿತು.

ಮಾಜಿ ಕಾರ್ಯದರ್ಶಿ

ನೀವೆಲ್ಲ ಕರ್ಣನ ವಿಷಯ ಮಾತನಾಡುತ್ತಿದ್ದೀರಿ. ಆ ಜಾಗದಲ್ಲಿ ನಿಂತಿದ್ದವನು ನಾನು. ಆದ್ದರಿಂದ ಒಳಗಿನಿಂದ ಅದು ಹೇಗಿರುತ್ತದೆಂದು ಹೇಳುತ್ತೇನೆ.

ಒಂದು ನೌಕರರ ಸಂಘದಲ್ಲಿ ನಾನು ಕಾರ್ಯದರ್ಶಿಯಾಗಿದ್ದೆ. ಆಡಳಿತ ವರ್ಗದೊಡನೆ ನಡೆದ ಮಾತುಕತೆಯಲ್ಲಿ ನಮ್ಮ ನಾಯಕರು ಸದಸ್ಯರಿಗೆ ತಿಳಿಸದೆ ಒಂದು ಬೇಡಿಕೆಯನ್ನು ಬಿಟ್ಟುಕೊಟ್ಟಿದ್ದಾರೆ ಎಂಬ ಸಂಶಯದಿಂದ ಒಬ್ಬ ಹುಡುಗ ಸಭೆಯಲ್ಲಿ ಎದ್ದು ನಿಂತು, ಸಹಿಯಾದ ಒಪ್ಪಂದದ ಪೂರ್ಣ ಪ್ರತಿಯನ್ನು ಓದಿಸಬೇಕೆಂದು ಕೇಳಿದ. ನಾಯಕರು ಏನನ್ನೂ ಹೇಳಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನ ಕಡೆಗೆ ನೋಡಿದರು, ಅಷ್ಟೇ. ನಾನು ಎದ್ದು ಆ ಹುಡುಗ ಸಂಘಕ್ಕೆ ಸೇರಿ ಎಷ್ಟು ವರ್ಷವಾಯಿತೆಂದು ಕೇಳಿದೆ, ಮುಷ್ಕರದ ದಿನಗಳಲ್ಲಿ ಆತ ಎಲ್ಲಿದ್ದನೆಂದು ಕೇಳಿದೆ, ಸಭೆ ನಗುವಂತೆ ಮಾಡಿದೆ. ಹಾಗೆ ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ. ಎರಡು ವಾರಗಳ ಹಿಂದೆ ಜೊತೆಯಲ್ಲಿ ನಡೆದು ಹೋಗುತ್ತಿದ್ದಾಗ ನಾಯಕರು, "ಆ ಹುಡುಗ ಈಚೆಗೆ ಯಾಕೋ ಬದಲಾಗಿದ್ದಾನೆ, ನೀವು ಗಮನಿಸಿದಿರಾ?" ಎಂದಿದ್ದರು. ಬಿತ್ತನೆ ಅಷ್ಟರಲ್ಲೇ ಆಗಿತ್ತು.

ನಾನು ಸುಳ್ಳು ಹೇಳುತ್ತಿದ್ದೇನೆಂದು ಆ ಕ್ಷಣದಲ್ಲಿ ನನಗೆ ಅನ್ನಿಸಲೇ ಇಲ್ಲ. ಒಪ್ಪಂದವನ್ನು ನಾನೂ ಪೂರ್ತಿ ಓದಿರಲಿಲ್ಲವಾದ್ದರಿಂದ, ಓದಬೇಕೆಂದು ಕೇಳಿದವನ ಮೇಲೆ ನನಗೆ ಬಂದ ಸಿಟ್ಟಿನಲ್ಲಿ ಅರ್ಧ ಭಾಗ ನಾಚಿಕೆಯೇ ಆಗಿತ್ತೆಂದು ಈಗ ತಿಳಿಯುತ್ತದೆ. ಆ ಬೇಡಿಕೆ ಒಪ್ಪಂದದಲ್ಲಿ ಇರಲಿಲ್ಲ. ಹುಡುಗ ಸಂಘವನ್ನು ಬಿಟ್ಟು ಹೋದ. ಆತನ ವಿಳಾಸ ನನ್ನಲ್ಲಿದೆ. ಈವರೆಗೆ ಪತ್ರ ಬರೆದಿಲ್ಲ.

ಇರುವೆ ಸಾಲು

ಮಾಜಿ ಕಾರ್ಯದರ್ಶಿಗಳೇ, ಇಲ್ಲಿ ಇಷ್ಟು ಬರೆದಿರಿ, ಆ ಪತ್ರವನ್ನೂ ಬರೆದುಬಿಡಿ.

ನಿಷ್ಠುರವಾದಿ

ನಾನೂ ಒಂದು ಅನುಭವವನ್ನು ಇಡುತ್ತೇನೆ, ಅದು ನಿಮ್ಮ ಕಡೆಗೆ ವಾಲುವುದಿಲ್ಲ. ನಾವು ನಡೆಸುತ್ತಿದ್ದ ಒಂದು ಸಣ್ಣ ಸಹಾಯ ನಿಧಿಯಲ್ಲಿ ಲೆಕ್ಕ ಕೂಡಿಬರದೆ ಹೋದಾಗ ಮುಖ್ಯಸ್ಥರನ್ನು ಕೇಳಿದವನು ನಾನೇ. ಅವರು ತಡವರಿಸಿದರು, ಮಾತು ಬದಲಿಸಿದರು, ಒಂದು ಸುಳ್ಳನ್ನೂ ಹೇಳಿದರು. ನಾನು ನಾಲ್ಕು ಜನರ ಕಿವಿಗೆ ಹಾಕಿದೆ. ಅವರು ಯಾರ ಮೇಲೂ ಸಿಟ್ಟಾಗದೆ ರಾಜೀನಾಮೆ ಕೊಟ್ಟು ಹೋದರು. ವರ್ಷದ ಮೇಲೆ ತಿಳಿಯಿತು: ನಮ್ಮಲ್ಲೇ ಒಬ್ಬ ಸದಸ್ಯ ಹಣ ಬಳಸಿಕೊಂಡಿದ್ದ, ಆತನ ಮನೆಯವರ ಮುಖ ನೋಡಿ ಮುಖ್ಯಸ್ಥರು ಅದನ್ನು ಮುಚ್ಚಿಟ್ಟು ತಮ್ಮ ಕೈಯಿಂದ ಕಂತುಕಂತಾಗಿ ತುಂಬುತ್ತಿದ್ದರು. ಅವರು ಸುಳ್ಳು ಹೇಳಿದ್ದು ನಿಜ, ಕದ್ದದ್ದು ನಿಜವಲ್ಲ. 1437ರ ಹಿಂದೆಯೂ ಅಂಥದೇನೋ ಇರಬಹುದೆಂಬ ಸಾಧ್ಯತೆಯನ್ನು ನೀವು ಯಾರೂ ಪರಿಗಣಿಸುತ್ತಿಲ್ಲ.

ತಕ್ಕಡಿ

ನಿಮ್ಮ ಮುಖ್ಯಸ್ಥರಿಗೆ ನನ್ನ ನಮಸ್ಕಾರ. ಆದರೂ ಒಂದು ಮಾತು ಹೇಳದಿರಲಾರೆ. ನಿಧಿ ಅವರೊಬ್ಬರದ್ದಾಗಿರಲಿಲ್ಲ, ಆದ್ದರಿಂದ ಕರುಣೆ ತೋರುವ ಹಕ್ಕೂ ಅವರೊಬ್ಬರದ್ದಾಗಿರಲಿಲ್ಲ. ಮೂವರ ಮುಂದೆ ಹೇಳಿದ್ದರೆ ಆ ಮರ್ಯಾದೆಯೂ ಉಳಿಯುತ್ತಿತ್ತು, ನಿಮ್ಮ ನಾಲ್ಕು ಕಿವಿಗಳ ಪಾಪವೂ ಆಗುತ್ತಿರಲಿಲ್ಲ. ಮತ್ತೆ ನೋಡಿ, ಅವರು ನಿಮಗೆ ಹುದ್ದೆಯನ್ನಂತೂ ಕೊಡಲು ಬರಲಿಲ್ಲವಲ್ಲ.

ನಿಷ್ಠುರವಾದಿ

ಆ ಕೊನೆಯ ಮಾತಿಗೆ ನನ್ನಲ್ಲಿ ಸದ್ಯಕ್ಕೆ ಉತ್ತರವಿಲ್ಲ. ಉಳಿದದ್ದಕ್ಕೆ ಇದೆ, ಆದರೆ ಅದು ಬೇರೆ ಚರ್ಚೆಯಾಗುತ್ತದೆ.

ನಗದು ಪುಸ್ತಕ

ಲೆಕ್ಕಪರಿಶೋಧನೆಯಲ್ಲಿ ಇಪ್ಪತ್ತಮೂರು ವರ್ಷ ಕಳೆದವಳಾಗಿ ಎರಡು ಮಾತು ಹೇಳುತ್ತೇನೆ.

ಮೊದಲನೆಯದಾಗಿ, ಖಜಾಂಚಿ ಹುದ್ದೆಯನ್ನು ಈಗ ಒಪ್ಪಿಕೊಳ್ಳಬೇಡಿ. ಅದನ್ನು ಬಹುಮಾನವೆಂದೋ ಲಂಚವೆಂದೋ ತಿಳಿಯುವುದಕ್ಕಿಂತ ಹೊಣೆಗಾರಿಕೆಯ ವರ್ಗಾವಣೆಯೆಂದು ತಿಳಿಯಿರಿ. ಅಧಿಕಾರ ವಹಿಸಿಕೊಳ್ಳುವಾಗ "ಎಲ್ಲ ಪುಸ್ತಕಗಳನ್ನೂ ಪರಿಶೀಲಿಸಿ ಪಡೆದಿದ್ದೇನೆ" ಎಂದು ನೀವು ಸಹಿ ಮಾಡಿದ ಗಳಿಗೆಯಿಂದ, ಸಿಗದ ಪುಸ್ತಕದ ಬಗ್ಗೆ ಯಾರಾದರೂ ಕೇಳಿದರೆ ಉತ್ತರಿಸಬೇಕಾದವರು ನೀವಾಗುತ್ತೀರಿ. ಸಂಶಯಪಟ್ಟವನನ್ನು ಪಾಲುದಾರನನ್ನಾಗಿ ಮಾಡಿಬಿಟ್ಟರೆ ಆತನ ಸಂಶಯ ಆತನಿಗೇ ಅಪಾಯವಾಗುತ್ತದೆ.

ಎರಡನೆಯದಾಗಿ, ಯಾವ ದಾಖಲೆಯೂ ನಾಯಕರ ಕೈ ಮೂಲಕ ನಿಮಗೆ ತಲುಪುವಂತಾಗಬಾರದು. ಸತ್ಯಂ ಕಂಪ್ಯೂಟರ್ಸ್ ಪ್ರಕರಣ ನೆನಪಿರಬಹುದು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಅವರು ಬರೆದ ತಪ್ಪೊಪ್ಪಿಗೆಯ ಪತ್ರದ ಪ್ರಕಾರ, ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿಗಳ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಬ್ಯಾಂಕಿನಲ್ಲಿ ಹಣವಿದೆಯೇ ಎಂದು ಬ್ಯಾಂಕನ್ನೇ ನೇರವಾಗಿ ಕೇಳಿ, ಬಂದ ಉತ್ತರವನ್ನು ಪಟ್ಟುಹಿಡಿದು ಪುಸ್ತಕದೊಡನೆ ತಾಳೆ ನೋಡುವುದು ನಮ್ಮ ವೃತ್ತಿಯ ಮೊದಲ ಪಾಠ. ಅಷ್ಟಾಗಿದ್ದರೆ ಅದು ಅಷ್ಟು ವರ್ಷ ನಡೆಯುತ್ತಿರಲಿಲ್ಲ. ಹುಲಿಯ ಬೆನ್ನೇರಿದ್ದೆ, ಅದಕ್ಕೆ ಆಹಾರವಾಗದೆ ಇಳಿಯುವುದು ಹೇಗೆಂದು ತಿಳಿಯಲಿಲ್ಲ ಎಂಬರ್ಥದ ಮಾತನ್ನೂ ಅವರು ಆ ಪತ್ರದಲ್ಲಿ ಬರೆದಿದ್ದರು. ನಾಯಕನ ಕಡೆಯಿಂದ ನೋಡಿದರೆ ಪ್ರಶ್ನೆ ಕೇಳಿದವನು ಹಾಗೆಯೇ ಕಾಣುತ್ತಾನೆ, ಹುಲಿಯನ್ನು ನಿಲ್ಲಿಸಲು ಬಂದವನಂತೆ.

ಓದುಗ 27

ನಗದು ಪುಸ್ತಕ ಅವರ ಮಾತಿಗೆ ಸೇರಿಸಬೇಕಾದದ್ದೊಂದಿದೆ. ವರ್ಲ್ಡ್‌ಕಾಮ್ ಕಂಪನಿಯ ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥೆ ಸಿಂಥಿಯಾ ಕೂಪರ್ ಅವರು 2002ರಲ್ಲಿ ಖರ್ಚನ್ನು ಆಸ್ತಿಯೆಂದು ಬರೆದಿರುವ ನಮೂದುಗಳ ಬೆನ್ನು ಹತ್ತಿದಾಗ, ಹಣಕಾಸು ಮುಖ್ಯಸ್ಥ ಸ್ಕಾಟ್ ಸಲಿವನ್ ಅವರು ಪರಿಶೀಲನೆಯನ್ನು ಮುಂದಿನ ತ್ರೈಮಾಸಿಕದವರೆಗೆ ತಡೆಯಲು ಕೇಳಿಕೊಂಡರು. "ಬೇಡ" ಎನ್ನಲಿಲ್ಲ, "ಆಮೇಲೆ" ಎಂದರು. ಕೂಪರ್ ಕಾಯದೆ ನಿರ್ದೇಶಕ ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರ ಬಳಿಗೆ ಹೋದರು. ಹೀಗೆ ತಪ್ಪಾಗಿ ಬರೆದಿದ್ದ ಖರ್ಚೆಂದು ಆ ಜೂನ್ 25ರಂದು ಕಂಪನಿ ಪ್ರಕಟಿಸಿದ ಅಂಕಿ 380 ಕೋಟಿ ಡಾಲರ್. ನಿಮಗೂ "ವಾರ್ಷಿಕ ಸಭೆ ಮುಗಿಯಲಿ, ಆಮೇಲೆ ನೋಡೋಣ" ಎಂಬ ಮಾತು ಬರುತ್ತದೆ, ಬರೆದಿಟ್ಟುಕೊಳ್ಳಿ.

ದಿನಚರಿ

"ಬರೆದಿಟ್ಟುಕೊಳ್ಳಿ" ಎಂಬುದನ್ನು ಓದುಗ 27 ಮಾತಿಗೆ ಹೇಳಿದ್ದಿರಬಹುದು, ನಾನು ಅದನ್ನು ಅಕ್ಷರಶಃ ಹೇಳುತ್ತೇನೆ. ವಾಟರ್‌ಗೇಟ್ ಪ್ರಕರಣದಲ್ಲಿ ಜಾನ್ ಡೀನ್ ಎಂಬ ಶ್ವೇತಭವನದ ವಕೀಲರು 1973ರ ಮಾರ್ಚ್ 21ರಂದು ಅಧ್ಯಕ್ಷ ನಿಕ್ಸನ್ ಅವರ ಮುಂದೆ ಕುಳಿತು, ನಿಮ್ಮ ಅಧಿಕಾರದ ಹತ್ತಿರದಲ್ಲೇ ಒಂದು ಕ್ಯಾನ್ಸರ್ ಬೆಳೆಯುತ್ತಿದೆ ಎಂದು ಹೇಳಿದರು. ಡೀನ್ ಸ್ವತಃ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಆ ಹಗರಣವನ್ನು ಮುಚ್ಚಿಹಾಕುವ ಕೆಲಸದಲ್ಲಿ ಭಾಗಿಯಾಗಿದ್ದವರು, ಸಂತರಲ್ಲ. ಏಪ್ರಿಲ್ 30ರಂದು ಅವರನ್ನು ತೆಗೆದುಹಾಕಲಾಯಿತು. ಜೂನ್ ತಿಂಗಳಲ್ಲಿ ಅವರು ಸೆನೆಟ್ ಸಮಿತಿಯ ಮುಂದೆ ನೆನಪಿನಿಂದ ಸಾಕ್ಷ್ಯ ನುಡಿದರು. ಆಗ ಅದು ಒಬ್ಬ ಸಹಾಯಕನ ಮಾತು, ಎದುರಿಗಿರುವುದು ರಾಷ್ಟ್ರಾಧ್ಯಕ್ಷರ ಮಾತು. ತಕ್ಕಡಿ ಸರಿದದ್ದು ಮರುತಿಂಗಳು, ಆ ಕೋಣೆಯಲ್ಲಿ ಧ್ವನಿಮುದ್ರಣ ನಡೆಯುತ್ತಿತ್ತೆಂದು ಬಯಲಾದಾಗ.

ನನಗೆ ಬಹಳ ಹಿಡಿಸಿದ ಸಂಗತಿ ಮುಂದಿನದು. ಮನೋವಿಜ್ಞಾನಿ ಉಲ್ರಿಕ್ ನೈಸರ್ ಅವರು 1981ರಲ್ಲಿ ಡೀನ್ ಅವರ ಸಾಕ್ಷ್ಯವನ್ನು ಆ ಧ್ವನಿಮುದ್ರಣಗಳ ಜೊತೆಗಿಟ್ಟು ನೋಡಿದರು. ನಡೆದದ್ದೇನೆಂಬ ಒಟ್ಟು ತಿರುಳಿನಲ್ಲಿ ಡೀನ್ ಸರಿಯಾಗಿದ್ದರು, ಆದರೆ ಯಾರು ಯಾವಾಗ ಯಾವ ಮಾತು ಆಡಿದರು ಎಂಬ ವಿವರಗಳಲ್ಲಿ ಅನೇಕ ಕಡೆ ತಪ್ಪಿದ್ದರು. ಪ್ರಾಮಾಣಿಕವಾಗಿ ಹೇಳುವವನ ನೆನಪೂ ಹಾಗೆಯೇ. ನಾಳೆ ಸಭೆಯಲ್ಲಿ ನಿಮ್ಮ ಒಂದು ಸಣ್ಣ ವಿವರ ತಪ್ಪಿದರೆ ಅಷ್ಟನ್ನೇ ಹಿಡಿದು ಉಳಿದದ್ದನ್ನೆಲ್ಲ ತಳ್ಳಿಹಾಕುತ್ತಾರೆ. ಆ ದಿನ ಅಧ್ಯಕ್ಷರು ಆಡಿದ ಮಾತುಗಳನ್ನು ಇಂದೇ ದಿನಾಂಕ ಹಾಕಿ ಬರೆಯಿರಿ, ನೀವು ಆಡಿದ್ದನ್ನೂ ಬರೆಯಿರಿ.

ಸಂಶಯಾತ್ಮ

ಇನ್ನೊಂದಕ್ಕೂ ಸಿದ್ಧರಾಗಿರಿ. ಸತ್ಯ ಹೊರಬಿದ್ದರೆ ಉಳಿದ ಅನುಯಾಯಿಗಳು ನಿಮಗೆ ಕೃತಜ್ಞರಾಗಿರುತ್ತಾರೆಂದು ಭಾವಿಸಬೇಡಿ. 1954ರ ಡಿಸೆಂಬರ್ 21ರಂದು ಪ್ರಳಯವಾಗುತ್ತದೆಂದು ನಂಬಿದ್ದ ಒಂದು ಸಣ್ಣ ಗುಂಪನ್ನು ಲಿಯೋನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಗಮನಿಸಿದರು. ಪ್ರಳಯ ಬರಲಿಲ್ಲ. ಬಹಳಷ್ಟನ್ನು ಕಳೆದುಕೊಂಡಿದ್ದವರು ನಂಬಿಕೆ ಬಿಡುವ ಬದಲು ಪ್ರಚಾರಕ್ಕೆ ಇಳಿದರೆಂದು ಅವರ ವರದಿ ಹೇಳುತ್ತದೆ.

ತಕ್ಕಡಿ

ಆ ವರದಿಯನ್ನು ಅಷ್ಟು ಗಟ್ಟಿಯಾಗಿ ಹಿಡಿಯಬೇಡಿ. ಗಮನಿಸಲು ಹೋದವರೇ ಭಕ್ತರ ವೇಷದಲ್ಲಿ ಆ ಗುಂಪಿನೊಳಗೆ ಸೇರಿದ್ದರು, ಸಣ್ಣ ಗುಂಪಿನಲ್ಲಿ ಅದರ ಪ್ರಭಾವ ಕಡಿಮೆಯದ್ದಲ್ಲ. ಆದರೂ ಮಾಜಿ ಕಾರ್ಯದರ್ಶಿಗಳು ಬರೆದದ್ದನ್ನು ಓದಿದ ಮೇಲೆ ನಿಮ್ಮ ಎಚ್ಚರಿಕೆಗೆ ಬೇರೆ ಅಧ್ಯಯನ ಬೇಕಿಲ್ಲ.

ಗಮಕಪ್ರಿಯ

ಹಳೆಯ ಜೊತೆಗಾರರು ಉಳಿಯಬೇಕೋ ಹೊರಡಬೇಕೋ ಎಂಬುದನ್ನು ಇಲ್ಲಿ ಯಾರೂ ಎತ್ತಿಲ್ಲ. ವಿಕರ್ಣ ಸಭೆಯಲ್ಲಿ ಮಾತನಾಡಿದ, ಆದರೆ ಅಲ್ಲಿಯೇ ಉಳಿದ, ಅಣ್ಣನ ಪರವಾಗಿಯೇ ಯುದ್ಧಕ್ಕೆ ನಿಂತು ಹದಿನಾಲ್ಕನೆಯ ದಿನ ಭೀಮನ ಕೈಯಲ್ಲಿ ಸತ್ತ. ಕೊಂದ ಭೀಮನೇ ಅವನಿಗಾಗಿ ಮರುಗಿದ. ಧೃತರಾಷ್ಟ್ರನ ಇನ್ನೊಬ್ಬ ಮಗ ಯುಯುತ್ಸು ಯುದ್ಧ ಶುರುವಾಗುವ ಮುನ್ನ ಎಲ್ಲರೂ ನೋಡುತ್ತಿರುವಾಗಲೇ ಪಾಂಡವರ ಕಡೆಗೆ ನಡೆದು ಹೋದ, ಬದುಕಿ ಉಳಿದ. ಹಾಗಿದ್ದೂ ನಮ್ಮ ಜನ ವಿಕರ್ಣನನ್ನು ನೆನೆದಷ್ಟು ಯುಯುತ್ಸುವನ್ನು ನೆನೆಯುವುದಿಲ್ಲ. ಇದು ನನಗೆ ಯಾವತ್ತೂ ಬಿಡಿಸಲಾಗದ ಒಗಟು.

ನಿಷ್ಠುರವಾದಿ

ಒಗಟೇನೂ ಅಲ್ಲ. ಹೊರಟುಹೋದವನನ್ನು ಹೊಗಳಿದರೆ ಉಳಿದವರೆಲ್ಲ ತಮಗೆ ತಾವೇ ಉತ್ತರ ಹೇಳಿಕೊಳ್ಳಬೇಕಾಗುತ್ತದೆ.

ಹಳೆಯ ಜೊತೆಗಾರ

ಎಲ್ಲರಿಗೂ ವಂದನೆಗಳು. ನಿಷ್ಠುರವಾದಿಯವರ ಎಚ್ಚರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಯಾರ ಕಿವಿಗೂ ಏನನ್ನೂ ಹಾಕಲಿಲ್ಲ. ಹುದ್ದೆ ಬೇಡವೆಂದು ಪತ್ರ ಬರೆದು, ಅದೇ ಪತ್ರದಲ್ಲಿ 1401ರಿಂದ 1500ರವರೆಗಿನ ಪುಸ್ತಕದ ವಿಚಾರವನ್ನು ಕಾರ್ಯಕಾರಿ ಸಮಿತಿಯ ಮುಂದಿಡಬೇಕೆಂದು ಕೇಳಿದೆ. ಪ್ರತಿಯನ್ನು ಸಮಿತಿಯ ಏಳೂ ಜನರಿಗೆ ಕಳುಹಿಸಿದೆ. ಮರುದಿನವೇ ನನ್ನ ಆತ್ಮೀಯ ಗೆಳೆಯನೊಬ್ಬ ಕರೆ ಮಾಡಿ, ಈಚೆಗೆ ನೀನು ಯಾಕೋ ಬದಲಾಗಿದ್ದೀಯ ಎಂದ. ಮಾಜಿ ಕಾರ್ಯದರ್ಶಿಗಳು ಬರೆದದ್ದನ್ನು ಓದಿರದಿದ್ದರೆ ಅವನೊಡನೆ ಜಗಳವಾಡಿಬಿಡುತ್ತಿದ್ದೆ. ಪುಸ್ತಕ ಸಿಕ್ಕರೆ ನನ್ನ ಜೊತೆ ಕುಳಿತು ನೋಡು ಎಂದಷ್ಟೇ ಹೇಳಿದೆ.

ನಿನ್ನೆ ಸಮಿತಿ ಸೇರಿತು, ಪುಸ್ತಕವೂ ಬಂತು! ಹಳೆಯ ಕಪಾಟಿನಲ್ಲಿ ಸಿಕ್ಕಿತಂತೆ. ಒಂದು ಹಾಳೆಯೂ ನೆನೆದಿಲ್ಲ. ಮೊದಲ ಮೂವತ್ತಾರು ರಸೀದಿಗಳು ಹಾಗೆಯೇ ಇವೆ, 1437ರಲ್ಲಿ ಪುಸ್ತಕದಲ್ಲಿ ಉಳಿಯುವ ಪ್ರತಿಯ ಮೇಲೆ ಅಡ್ಡಲಾಗಿ "ರದ್ದು" ಎಂದು ಬರೆದಿದೆ. ಬರೆಯುವಾಗ ತಪ್ಪಾಗಿತ್ತು, ಅದಕ್ಕೇ ರದ್ದು ಮಾಡಿದೆ, ಮರೆತುಹೋಗಿತ್ತು ಎಂದು ಅಧ್ಯಕ್ಷರು ವಿವರಿಸಿದರು. ನಾಲ್ವರು ತಲೆದೂಗಿದರು. ಇದು ಸಾಕಾಗುವ ವಿವರಣೆಯೇ?

ನಗದು ಪುಸ್ತಕ

ರದ್ದಾದ ರಸೀದಿಯ ಮೂಲಪ್ರತಿಯನ್ನು ಅದೇ ಪುಸ್ತಕದಲ್ಲಿ ಲಗತ್ತಿಸಿಡಬೇಕು. 1437ರ ಮೂಲಪ್ರತಿ ಪುಸ್ತಕದಲ್ಲಿದೆಯೇ?

ಹಳೆಯ ಜೊತೆಗಾರ

ಇಲ್ಲ, ಅದು ದಾನಿಯವರ ಮನೆಯಲ್ಲಿದೆ. ಗುರುವಾರದ ಸಭೆಗೆ ಅದನ್ನು ತೆಗೆದುಕೊಂಡು ತಾವೇ ಬರುತ್ತೇನೆಂದು ಹೇಳಿದ್ದಾರೆ. ಗೆಳೆಯನೂ ಬರುತ್ತಾನೆ, ಆದರೆ ಯಾರ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆಂದು ಹೇಳಲಿಲ್ಲ.